ಇಲ್ಲದ ಎಳೆಗಳು

ಇವತ್ತು ಹೇಳಿಬಿಡಬೇಕು ಎಂದುಕೊಂಡು ಹಾಸಿಗೆಯಿಂದ ಎದ್ದ ಚಕ್ರಪಾಣಿ, ಹಲ್ಲುಜ್ಜಿ ಮುಗಿಸುವಷ್ಟರಲ್ಲಿ, ಇವತ್ತು ಬೇಡ ಎನ್ನುವುದಕ್ಕೆ ಕಾರಣಗಳನ್ನು ಹುಡುಕಿಕೊಂಡಿದ್ದ. ಸೋಮವಾರ ತೇಜಶ್ರೀಯ ಪಿಎಚ್‌.ಡಿ. ಮೌಖಿಕ ಪರೀಕ್ಷೆ; ಇಷ್ಟು ಹತ್ತಿರ ಬಂದಮೇಲೆ ಹೇಳುವುದು ಕ್ರೌರ್ಯ. ಅಲ್ಲದೆ, ಹೇಳದೇ ಇದ್ದರೆ ಯಾರಿಗೂ ಗೊತ್ತಾಗುವಂತಿಲ್ಲ. ಈ ಎರಡನೆಯದು ಮನಸ್ಸಿಗೆ ಬಂದದ್ದೇ ಕನ್ನಡಿಯಿಂದ ಕಣ್ಣು ತಪ್ಪಿಸಿ, ತಲೆ ತಗ್ಗಿಸಿ ಬಾಯಿ ಮುಕ್ಕಳಿಸಿದ. ಹೋದ ವಾರವೆಲ್ಲ ಹೀಗೇ ಆಗಿತ್ತು. ಒಂದು ದಿನ ಹೇಳಲು ಹೋದಾಗ ಆ ಹುಡುಗಿಗೆ ಜ್ವರ, ಇನ್ನೊಂದು ದಿನ ಹೋದಾಗ ಯಾವುದಕ್ಕೋ ನಗುತ್ತಿದ್ದಳು. ಜ್ವರ ಬಂದವರಿಗೆ ಹೇಳುವಂತಿಲ್ಲ, ನಗುತ್ತಿರುವವರಿಗೂ ಹೇಳುವಂತಿಲ್ಲ. ಹೀಗೆ ನೋಡುತ್ತ ಹೋದರೆ ಹೇಳುವುದಕ್ಕೆ ತಕ್ಕವರು ಈ ಲೋಕದಲ್ಲಿ ಯಾರೂ ಸಿಗಲಾರರು. ಅಡುಗೆಮನೆಯಿಂದ ಹೆಂಡತಿ ಚೂಡಾಮಣಿ, "ಕಾಫಿ ಆರ್ತಾ ಇದೆ ರೀ," ಎಂದಳು. ಹೋಗಿ ಕೂತ. ಲೋಟ ಕೈಗಿಡುತ್ತ ಅವಳು, ಮೇಲಿನ ಮನೆ ಸುಬ್ಬಮ್ಮನವರಿಗೆ ಪತ್ರಿಕೆಯ ಸುದ್ದಿ ಹೇಳಿದೆ ಎಂದಳು. "ಎರಡನೇ ಹೆಸರು ಯಾಕೆ, ಮೊದಲನೇದು ಯಾಕಲ್ಲ ಅಂತ ಕೇಳಿದ್ರು." "ಸಂಶೋಧನೆ ಅವಳದ್ದು." "ಪ್ರೋಗ್ರಾಮ್ ನಿಮ್ದು ತಾನೇ?" "ಹೌದು," ಎಂದ. ವೈಯಾಲಿಕಾವಲ್ಲಿನ ಆ ಬೀದಿಯ ಅರ್ಧ ಜನಕ್ಕೆ ಈಗ ಗೊತ್ತಿರಬೇಕು, ಚಕ್ರಪಾಣಿಯ ಹೆಸರು ವಿದೇಶದ ದೊಡ್ಡ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಗಲಿದೆಯೆಂದು. ಐವತ್ತು ದಾಟಿದ ಮೇಲೆ ಮೊದಲ ಸಲ. ಇಷ್ಟು ವರ್ಷ ಅವನ ಹೆಸರು ಬರುತ್ತಿದ್ದದ್ದು ಲೇಖನದ ಕೊನೆಯಲ್ಲಿ, ಕೃತಜ್ಞತೆ ಎಂಬ ಸಣ್ಣಕ್ಷರದ ಸಾಲಿನಲ್ಲಿ, ಪ್ರಯೋಗಾಲಯದ ಗಾಜು ತೊಳೆದವರ ಜೊತೆ. ಅಲ್ಲಿ ಇದ್ದಾಗ ಎಷ್ಟು ನೆಮ್ಮದಿಯಾಗಿದ್ದೆ ಎನ್ನಿಸಿ ಕಾಫಿ ಕಹಿಯಾಯಿತು.

ಸಂಪಿಗೆ ರಸ್ತೆಯಲ್ಲಿ ಮೆಟ್ರೋ ಹತ್ತಿದ. ರೈಲು ನೆಲದೊಳಗೆ ಇಳಿದದ್ದೇ ಕಿಟಕಿ ಕಪ್ಪಾಯಿತು. ಆ ಕಪ್ಪಿನಲ್ಲಿ ಅವನ ಕನ್ನಡಕ, ಪಕ್ಕದವನ ಬ್ಯಾಗು, ಹಿಡಿಕೆ ಹಿಡಿದ ಕೈಗಳು ಮಸುಕಾಗಿ ತೇಲಿದವು. ಕಪ್ಪು ಎಂದರೆ ಖಾಲಿ ಅಲ್ಲ ಎಂದು ಹೊಸ ವಿದ್ಯಾರ್ಥಿಗಳಿಗೆಲ್ಲ ಪಾಠ ಮಾಡುತ್ತಿದ್ದವನು ಅವನೇ. ಚಾಮರಾಜಪೇಟೆಯ ಅವರ ಸಂಶೋಧನಾ ಕೇಂದ್ರದಲ್ಲಿರುವ ಸೂಕ್ಷ್ಮದರ್ಶಕ ಒಂದು ಜೀವಕೋಶವನ್ನು ಒಂದೇ ಸಲ ನೋಡಿ ಸುಮ್ಮನಾಗುವುದಿಲ್ಲ. ಅಡಿಯಲ್ಲಿರುವ ಪುಟ್ಟ ಪುಟ್ಟ ದೀಪಗಳನ್ನು ಒಂದಾದ ಮೇಲೊಂದು ಹೊತ್ತಿಸಿ, ಬೇರೆ ಬೇರೆ ದಿಕ್ಕಿನ ಬೆಳಕಿನಲ್ಲಿ ಅದೇ ಜಾಗದ ರಾಶಿ ಚಿತ್ರ ತೆಗೆಯುತ್ತದೆ. ಆಮೇಲೆ ಕಂಪ್ಯೂಟರು ಅವನ್ನೆಲ್ಲ ಲೆಕ್ಕ ಹಾಕಿ ಸೇರಿಸಿ, ಆ ಮಸೂರಕ್ಕೆ ತಾನಾಗಿ ಕಾಣದಷ್ಟು ಸ್ಪಷ್ಟವಾದ ಒಂದೇ ಚಿತ್ರ ಕಟ್ಟುತ್ತದೆ. ತೀರ ಓರೆಯಾಗಿ ಬೆಳಕು ಬಿದ್ದ ಚಿತ್ರಗಳು ಬರಿಗಣ್ಣಿಗೆ ಬರೀ ಕಪ್ಪು. ಆದರೆ ನವಿರು ವಿವರವೆಲ್ಲ ಇರುವುದು ಅವುಗಳಲ್ಲೇ. ಇದನ್ನು ಬಲ್ಲವನೇ ಅವನ್ನು ಎಸೆದ. ಕೇಂದ್ರದ ಡಿಸ್ಕುಗಳೆಲ್ಲ ಭರ್ತಿಯಾಗಿದ್ದ ಕಾಲ. ಮುಖ್ಯಸ್ಥ ಪ್ರಭುದೇವ, ಅವನಿಗಿಂತ ವಯಸ್ಸಿನಲ್ಲಿ ಎಷ್ಟೋ ಚಿಕ್ಕವ, ತುಂಬಿದ ಸಭೆಯಲ್ಲಿ, "ಚಕ್ರಪಾಣಿ, ಈ ಕಪ್ಪು ಚಿತ್ರಗಳನ್ನ ಇಟ್ಕೊಂಡು ಪೂಜೆ ಮಾಡ್ತೀರಾ?" ಎಂದಿದ್ದ. ಎಲ್ಲರೂ ನಕ್ಕರು. ಎಲ್ಲರಿಗಿಂತ ಸ್ವಲ್ಪ ಜಾಸ್ತಿ ಹೊತ್ತು ನಕ್ಕವನು ಚಕ್ರಪಾಣಿ. ವರ್ಷ ವರ್ಷವೂ ಗುತ್ತಿಗೆ ನವೀಕರಿಸಿಕೊಳ್ಳಬೇಕಾದವರು ಹಾಗೆ ನಗುತ್ತಾರೆ.

ಆ ನಗೆಯ ಮುಯ್ಯಿ ತೀರಿಸಿಕೊಳ್ಳುವವನ ಹಾಗೆ ಕೂತು ಅವನು ಚಿತ್ರಗಳು ಡಿಸ್ಕಿನಲ್ಲಿ ಹಿಡಿಯುವ ಜಾಗ ಕುಗ್ಗಿಸುವ ಪ್ರೋಗ್ರಾಮು ಬರೆದ. ಕಪ್ಪು ಚಿತ್ರಗಳಲ್ಲಿ ಬೆರಳೆಣಿಕೆಯಷ್ಟನ್ನು ಮಾತ್ರ ಉಳಿಸಿಕೊಳ್ಳುವುದು. ಮತ್ತೆ ತೆರೆದಾಗ, ಎಸೆದದ್ದು ಹೇಗಿದ್ದಿರಬಹುದು ಎಂದು ಪ್ರೋಗ್ರಾಮೇ ಊಹಿಸಿ ಬರೆದು ತುಂಬಿಸುವುದು. ಊಹಿಸಬೇಕಾದರೆ ಅದಕ್ಕೆ ಮೊದಲು ಚಿತ್ರಗಳನ್ನು ತೋರಿಸಿ ಕಲಿಸಬೇಕು. ಹಿಂದಿನ ಯಾವುದೋ ಯೋಜನೆಯ ನರಕೋಶಗಳ ಚಿತ್ರಗಳು ಒಂದು ಮೂಲೆಯಲ್ಲಿ ಬಿದ್ದಿದ್ದವು, ಅವನ್ನೇ ತೋರಿಸಿದ. ನರಕೋಶವೆಂದರೆ ಮೈತುಂಬ ಎಳೆ. ಒಂದರಿಂದ ಇನ್ನೊಂದಕ್ಕೆ ಹಬ್ಬಿದ ಎಳೆಗಳನ್ನು ನೋಡಿ ನೋಡಿಯೇ ಪ್ರೋಗ್ರಾಮು ಲೋಕಜ್ಞಾನ ಪಡೆಯಿತು. ಆಗ ಅವನಿಗೆ ಅದು ತಪ್ಪೆಂದು ಹೊಳೆಯಲಿಲ್ಲವೇ? ಹೊಳೆದಿತ್ತು. ಒಂದು ಮಧ್ಯಾಹ್ನ, ಊಟದ ಡಬ್ಬಿ ತೊಳೆಯುವಾಗ, ಬೇರೆ ಕೋಶಗಳ ಚಿತ್ರವನ್ನೂ ಸೇರಿಸಬೇಕಲ್ಲ ಅನ್ನಿಸಿತ್ತು. ಕೈ ಒರೆಸಿಕೊಂಡಾಗ ಮರೆತುಹೋಗಿತ್ತು. ಡಿಸ್ಕುಗಳು ಖಾಲಿಯಾದವು, ಪ್ರಭುದೇವ ಬೆನ್ನು ತಟ್ಟಿದ, ಮೂಲ ಚಿತ್ರಗಳನ್ನು ಅಳಿಸಿಹಾಕಲು ಹೇಳಿದ. ಅಳಿಸಿದ ಬೆರಳು ಚಕ್ರಪಾಣಿಯದು. ಅವನ ಅಮ್ಮ ಆಸ್ಪತ್ರೆಯಲ್ಲಿ ತೀರಿಕೊಂಡ ದಿನ ತಂಗಿ ಊರಿಂದ ಬಂದವಳೇ, ಕೊನೆಗೆ ಏನಂದಳು ಎಂದು ಕೇಳಿದ್ದಳು. ಆ ಗಳಿಗೆಯಲ್ಲಿ ಅವನು ಕೆಳಗೆ ಕ್ಯಾಂಟೀನಿನಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದ. ನಿನ್ನನ್ನೇ ಕೇಳಿದಳು, ರಾಮ ಅಂದಳು, ಕಣ್ಣು ಮುಚ್ಚಿದಳು ಎಂದು ಒಂದು ಚೂರೂ ತಡವರಿಸದೆ ಹೇಳಿದ್ದ. ಸಾಯುವ ತಾಯಂದಿರು ಸಾಧಾರಣವಾಗಿ ಏನನ್ನುತ್ತಾರೋ ಅದನ್ನು. ತಂಗಿ ಅತ್ತು ಹಗುರಾಗಿದ್ದಳು. ಮಾರ್ಕೆಟ್ ನಿಲ್ದಾಣ ಬಂದು ಬಾಗಿಲು ತೆರೆದಾಗ, ಇದೆಲ್ಲ ಈಗೇಕೆ ನೆನಪಾಗಬೇಕು ಎಂದು ತನ್ನ ಮೇಲೇ ಸಿಡುಕಿಕೊಂಡು ಇಳಿದ.

ಮೇಲೆ ಬಂದರೆ ಬಿಸಿಲು, ಹೂವಿನ ರಾಶಿ, ಕೊಳೆತ ಸೊಪ್ಪಿನ ವಾಸನೆ. ಚಾಮರಾಜಪೇಟೆಯ ಕಡೆಗೆ ನಡೆಯುತ್ತ, ದೀಪದ ಕಂಬದಿಂದ ಮನೆಗಳಿಗೆ ಹಾದ ಕೇಬಲ್ಲು ವೈರುಗಳನ್ನು ನೋಡಬಾರದೆಂದು ನೆಲ ನೋಡಿಕೊಂಡು ಹೋದ. ಹೋದ ವಾರದಿಂದ ಎಳೆ ಎಳೆಯಾಗಿ ಕಾಣುವುದು ಯಾವುದನ್ನೂ ಅವನಿಂದ ನೋಡಲಾಗುತ್ತಿರಲಿಲ್ಲ. ಶಾವಿಗೆ ಉಪ್ಪಿಟ್ಟು ಮಾಡಿದ್ದಕ್ಕೆ ಹೆಂಡತಿಯ ಮೇಲೆ ರೇಗಿದ್ದ. ಹೋದ ವಾರ ಏನೋ ಪರೀಕ್ಷೆಗೆಂದು ಬರೀ ಗಾಜಿನ ಪಟ್ಟಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಚಿತ್ರ ತೆಗೆದು, ಕುಗ್ಗಿಸಿ, ಮತ್ತೆ ತೆರೆದಿದ್ದ. ಗಾಜಿನ ಮೇಲೆ ಜೀವಕೋಶ ಯಾವುದೂ ಇರಲಿಲ್ಲ. ಧೂಳಿನ ಎರಡು ಕಣ ಇದ್ದವು. ತೆರೆದ ಚಿತ್ರದಲ್ಲಿ ಆ ಎರಡು ಕಣಗಳ ನಡುವೆ ನವಿರಾದ, ಚೆಂದವಾದ, ನಡುವಿನಲ್ಲಿ ತುಸು ಬಾಗಿದ ಒಂದು ಎಳೆ ಹಬ್ಬಿತ್ತು. ಧೂಳು ಧೂಳಿನ ಕೈ ಹಿಡಿದುಕೊಂಡಿತ್ತು. ಅವನಿಗೆ ತಕ್ಷಣ ಅರ್ಥವಾಯಿತು. ಅರ್ಥವಾಗದವನಂತೆ ಇನ್ನೂ ಎರಡು ಸಲ ಮಾಡಿ ನೋಡಿದ. ತೇಜಶ್ರೀ ಐದು ವರ್ಷ ದುಡಿದು ಕಂಡುಹಿಡಿದದ್ದು ಇದನ್ನೇ: ಸಾಯುತ್ತಿರುವ ಕೋಶವೊಂದು ಕೊನೆಯ ಗಳಿಗೆಯಲ್ಲಿ ಪಕ್ಕದ ಬದುಕಿರುವ ಕೋಶಕ್ಕೆ ಎಳೆ ಚಾಚುತ್ತದೆ ಎಂದು. ಸಾಯುವ ಕೋಶ ಮಸುಕಾಗುತ್ತದೆ. ಮಸುಕಾದಲ್ಲಿ ಪ್ರೋಗ್ರಾಮಿಗೆ ಏನೂ ತಿಳಿಯುವುದಿಲ್ಲ. ತಿಳಿಯದ ಜಾಗದಲ್ಲಿ ಅದು ಎಳೆ ಬರೆಯುತ್ತದೆ. ಅವಳು ನೋಡಿದ್ದು ಅವನ ಪ್ರೋಗ್ರಾಮಿನ ಕೈಬರಹವನ್ನು.

ಅಷ್ಟೇ ಆಗಿದ್ದರೆ ಅದು ತಪ್ಪು ಮಾತ್ರ ಆಗಿರುತ್ತಿತ್ತು. ಆ ಸಂಜೆಯೇ ಅವನು ಪ್ರೋಗ್ರಾಮನ್ನು ತೆರೆದು ಅದಕ್ಕೊಂದು ಹೊಸ ಆಯ್ಕೆ ಸೇರಿಸಿದ. ಪರದೆಯ ಕೆಳಗಡೆ ಒಂದು ಸಣ್ಣ ಚೌಕ. ಅದನ್ನು ಒತ್ತಿದರೆ ಯಾವ ಚಿತ್ರವನ್ನೂ ಎಸೆಯದೆ, ಏನನ್ನೂ ಊಹಿಸದೆ ಎಲ್ಲವನ್ನೂ ಇದ್ದಂತೆ ಉಳಿಸುತ್ತದೆ. ಇನ್ನು ಮುಂದೆ ಯಾರಿಗೂ ಹೀಗಾಗಬಾರದು ಎಂದು ತನಗೆ ತಾನೇ ಹೇಳಿಕೊಂಡ, ಮತ್ತು ಅದು ಸುಳ್ಳೇನಲ್ಲ. ಆದರೆ ಸೇರಿಸಿ ಮುಗಿಸಿದ ಮೇಲೆ, ಈ ಚೌಕ ಮೊದಲಿನಿಂದಲೂ ಇತ್ತೋ ಇಲ್ಲವೋ ಹೇಳಬಲ್ಲವರು ತನ್ನನ್ನು ಬಿಟ್ಟು ಯಾರೂ ಇಲ್ಲವಲ್ಲ ಎಂಬುದು ಹೊಳೆಯಿತು. ಹೊಳೆದಾಗ ಗಾಬರಿಯಾಗಬೇಕಿತ್ತು. ಬದಲಿಗೆ ಬೆವರಿದ ಮೈಗೆ ಗಾಳಿ ತಾಗಿದ ಹಾಗಾಯಿತು. ಆ ತಂಪನ್ನು ನೆನೆಸಿಕೊಂಡರೆ ಈಗಲೂ ಅವನಿಗೆ ಹೇಸಿಗೆಯಾಗುತ್ತದೆ.

ಕೇಂದ್ರದ ಮೆಟ್ಟಿಲ ಮೇಲೆ ತೇಜಶ್ರೀಯ ತಂದೆ ದೊಡ್ಡಬೈರಪ್ಪ ಕೂತಿದ್ದರು. ಮಾಗಡಿ ಕಡೆಯವರು, ಈಗ ಸೈಟು ಮಾರಿಸುವ ವ್ಯವಹಾರ. ಬಿಳಿ ಷರಟು, ಹಣೆಯಲ್ಲಿ ವಿಭೂತಿಯ ಗೆರೆ. ಸೋಮವಾರದ ಪರೀಕ್ಷೆಗೆ ಇವತ್ತೇ ಬಂದುಬಿಟ್ಟಿದ್ದರು. ಎದ್ದು ಎರಡೂ ಕೈ ಮುಗಿದರು. "ಸಂಜೆ ತಿಂಡಿ ಬೀದೀಲಿ ಎಲ್ಲಾರ್ಗೂ ನಂದೇ ಸಾರ್, ನೀವು ತಪ್ಪಿಸ್ಕೊಳ್ಳಂಗಿಲ್ಲ." ಚಕ್ರಪಾಣಿ ನೋಡೋಣ ಎಂದು ಗೊಣಗಿ ಒಳಗೆ ನುಸುಳಲು ನೋಡಿದ. ಅವರು ಬಿಡಲಿಲ್ಲ. ಹೇಳಬೇಕೆಂದು ಎಷ್ಟೋ ದಿನದಿಂದ ಇಟ್ಟುಕೊಂಡಿದ್ದ ಮಾತಿನ ಹಾಗೆ, ದನಿ ತಗ್ಗಿಸಿ ಹೇಳಿದರು. "ನಮ್ಮನೆಯವ್ಳು ವಿಶಾಲಮ್ಮ ಹೋದಾಗ ನಾನು ಪಕ್ಕದಲ್ಲಿರಲಿಲ್ಲ ಸಾರ್. ಯಾರ್ದೋ ರಿಜಿಸ್ಟ್ರೇಷನ್ ಅಂತ ಆಫೀಸ್ನಲ್ಲಿ ಕೂತಿದ್ದೆ. ಮಗಳು ಈ ವಿಷ್ಯ ಹೇಳಿದ್ಲು ನೋಡಿ, ಸಾಯೋ ಜೀವ ಪಕ್ಕದ ಜೀವಾನ ಹಿಡ್ಕೊಳ್ತದೆ ಅಪ್ಪ ಅಂತ. ಅವತ್ತು ರಾತ್ರಿ ನಿದ್ದೆ ಬಂತು ಸಾರ್. ನಾನಿಲ್ದಿದ್ರೂ ಯಾರ್ನೋ ಹಿಡ್ಕೊಂಡೇ ಹೋಗಿರ್ತಾಳೆ." ಚಕ್ರಪಾಣಿ ತಲೆಯಾಡಿಸಿದ. ಅವರ ಮುಖ ನೋಡಲಾಗದೆ ಅವರ ಅಂಗಿಯ ಗುಂಡಿಗಳನ್ನು ನೋಡಿದ. ಪ್ರೋಗ್ರಾಮು ಇಷ್ಟು ದೂರ ಬರುತ್ತದೆಂದು, ಮಾಗಡಿಯ ಒಂದು ಮನೆಯೊಳಗೆ ಹೋಗಿ ಒಬ್ಬ ಗಂಡಸಿಗೆ ನಿದ್ದೆ ಬರಿಸುತ್ತದೆಂದು ಅವನು ಎಣಿಸಿರಲಿಲ್ಲ. ಈ ಮನುಷ್ಯನ ಮೇಲೆ ಅವನಿಗೆ ಕೆಟ್ಟ ಕೋಪ ಬಂತು.

ಆ ಕೋಪವೇ ಕಾಲು ಎಳೆದುಕೊಂಡು ಹೋಗಿರಬೇಕು. ದೊಡ್ಡಬೈರಪ್ಪ ಮಾರ್ಕೆಟ್ಟಿನ ಕಡೆ ಹೋದದ್ದೇ ಅವನು ನೇರ ಸೂಕ್ಷ್ಮದರ್ಶಕದ ಕೋಣೆಗೆ ಹೋದ. ದಪ್ಪ ಪರದೆ ಹಾಕಿ ಕತ್ತಲು ಮಾಡಿದ ಕೋಣೆ. ಕಂಪ್ಯೂಟರಿನ ಬೆಳಕು ತೇಜಶ್ರೀಯ ಗಲ್ಲದ ಮೇಲೆ ಮಾತ್ರ ಬಿದ್ದಿತ್ತು. "ಬನ್ನಿ ಸರ್, ಸ್ಲೈಡ್ಸ್ ಒಂದ್ಸಲ ನೋಡ್ಬಿಡಿ, ಟೆನ್ಷನ್ ಆಗ್ತಿದೆ," ಎಂದಳು. "ಅದಕ್ಕೆ ಮುಂಚೆ ಒಂದು ಸಣ್ಣ ವಿಷಯ ಇತ್ತಮ್ಮ," ಎಂದು ಅವನು ತಾನು ತೆಗೆದಿದ್ದ ಗಾಜಿನ ಚಿತ್ರ ತೆರೆದು ತೋರಿಸಿದ. ಅವಳು ಮುಂದಕ್ಕೆ ಬಾಗಿದಳು. "ಎಷ್ಟು ಚೆನ್ನಾಗಿ ಬಂದಿದೆ. ನಮ್ಮ ಎಳೆಗಿಂತ ಕ್ಲಿಯರ್ ಆಗಿದೆ. ಯಾವ ಸ್ಯಾಂಪಲ್ ಸರ್ ಇದು?"

"ಧೂಳು," ಎಂದ.

ಅವಳು ನಕ್ಕಳು. ಆಮೇಲೆ ನಗು ನಿಂತಿತು. ಅವನು ಹೇಳತೊಡಗಿದ, ನರಕೋಶಗಳ ವಿಷಯ, ಕಪ್ಪು ಚಿತ್ರಗಳ ವಿಷಯ, ಪ್ರೋಗ್ರಾಮು ತುಂಬಿಸುವ ವಿಷಯ. ಹೇಳುತ್ತ ಹೇಳುತ್ತ ತನ್ನ ದನಿ ಪಾಠ ಮಾಡುವವನ ದನಿಯಾಗುತ್ತಿದೆಯೆಂದು ಅವನಿಗೇ ಕೇಳಿಸುತ್ತಿತ್ತು. ಕಿರುಚುತ್ತಾಳೆ, ಅಳುತ್ತಾಳೆ, ಏನಾದರೂ ಎತ್ತಿ ಒಗೆಯುತ್ತಾಳೆ ಎಂದು ಅವನು ವಾರದಿಂದ ಮೈ ಗಟ್ಟಿ ಮಾಡಿಕೊಂಡಿದ್ದ. ಅವಳು ಕುರ್ಚಿಯ ಮೇಲೆ ಎರಡೂ ಕಾಲು ಮೇಲಕ್ಕೆಳೆದುಕೊಂಡು ಮುದುರಿ ಕೂತಳು, ಅಷ್ಟೆ. "ನಂದ್ರಲ್ಲಿ ಒಂದಾದ್ರೂ ನಿಜ ಇರಬಹುದಾ ಸರ್?" "ಹೇಳಕ್ಕಾಗಲ್ಲಮ್ಮ. ಮೂಲ ಚಿತ್ರ ಇಲ್ವಲ್ಲ." "ಆ ಕೋಶಗಳೂ ಇಲ್ಲ," ಎಂದಳು, ತನಗೆ ತಾನೇ ಹೇಳಿಕೊಳ್ಳುವ ಹಾಗೆ. ಮತ್ತೆ ಮಾಡಬೇಕೆಂದರೆ ಮತ್ತಷ್ಟು ವರ್ಷ. ವಿದ್ಯಾರ್ಥಿವೇತನ ಈ ವರ್ಷಕ್ಕೆ ಮುಗಿಯುತ್ತದೆ. ಪುಣೆಯಲ್ಲಿ ಕಾದಿರಿಸಿದ್ದ ಕೆಲಸ ಈ ಲೇಖನವನ್ನು ನಂಬಿ ಕೊಟ್ಟದ್ದು. ಇದೆಲ್ಲ ಇಬ್ಬರಿಗೂ ಗೊತ್ತಿತ್ತು. "ಯಾವಾಗ ಗೊತ್ತಾಯ್ತು ಸರ್?" "ನಿನ್ನೆ." ಬಾಯಿಂದ ತಾನಾಗಿ ಬಂತು. ಒಂದು ವಾರ ಎಂದಿದ್ದರೆ ಅವಳು ಏನು ಕಳೆದುಕೊಳ್ಳುತ್ತಿದ್ದಳು? ಏನೂ ಇಲ್ಲ. ಕಳೆದುಕೊಳ್ಳುತ್ತಿದ್ದವನು ಅವನು.

ಅವಳು ಎದ್ದು ಪ್ರೋಗ್ರಾಮು ತೆರೆದಳು, ಎಲ್ಲಾದರೂ ಏನಾದರೂ ಉಳಿದಿರಬಹುದೇ ಎಂದು ಹುಡುಕುವವಳಂತೆ ಒಂದೊಂದೇ ಪುಟ ಸರಿಸಿದಳು. ಕೆಳಗಿನ ಆ ಚೌಕದ ಹತ್ತಿರ ಅವಳ ಬೆರಳು ನಿಂತಿತು. ಓದಿದಳು. ಮತ್ತೆ ಓದಿದಳು. "ಎಲ್ಲಾ ಇದ್ದಂಗೆ ಉಳಿಸೋ ಆಪ್ಷನ್ ಇದೆಯಲ್ಲ ಸರ್ ಇಲ್ಲಿ. ಐದು ವರ್ಷ ದಿನಾ ಈ ಸ್ಕ್ರೀನ್ ನೋಡ್ತಿದೀನಿ, ಇದು ನನ್ನ ಕಣ್ಣಿಗೇ ಬಿದ್ದಿಲ್ಲ." ಚಕ್ರಪಾಣಿ ಉಸಿರು ಎಳೆದುಕೊಂಡ. ಮಾತು ತುದಿನಾಲಗೆಗೆ ಬಂದಿತ್ತು, ನಿಜವಾಗಿ ಬಂದಿತ್ತು. ಇದು ಮೊದಲು ಇರಲಿಲ್ಲಮ್ಮ, ನಾನು ಈಚೆಗೆ ಹಾಕಿದ್ದು. ಅಷ್ಟರಲ್ಲಿ ಅವಳು ಅಂಗೈಯಿಂದ ಹಣೆ ಹೊಡೆದುಕೊಂಡಳು. "ನಂದೇ ತಪ್ಪು. ಇದೊಂದು ಒತ್ತಿದ್ರೆ ಆಗ್ತಿತ್ತು." ಅವನ ಮೌನವನ್ನು ಅವಳು ದಾಕ್ಷಿಣ್ಯವೆಂದು ತಿಳಿದಳು. ಹಾಗೆ ತಿಳಿಯುತ್ತಿದ್ದಾಳೆಂದು ಅವಳ ಮುಖದಲ್ಲೇ ಕಾಣುತ್ತಿತ್ತು. "ನೀವು ಬೇಜಾರ್ ಮಾಡ್ಕೋಬೇಡಿ ಸರ್," ಎಂದಳು.

ಪ್ರಭುದೇವನ ಕೋಣೆಗೆ ಹೋದದ್ದು ಅವಳೇ. ಅವನು ಹಿಂದೆ ಹೋದ. ಅವಳು ನಿಂತುಕೊಂಡೇ ಎಲ್ಲವನ್ನೂ ಹೇಳಿದಳು, ಧೂಳಿನ ಚಿತ್ರ ತೋರಿಸಿದಳು, ಲೇಖನ ಹಿಂತೆಗೆದುಕೊಳ್ಳಬೇಕು, ಸೋಮವಾರದ ಪರೀಕ್ಷೆ ಬೇಡ ಎಂದಳು. ಪ್ರಭುದೇವನ ಮುಖ ಮೊದಲು ಬಿಳುಚಿಕೊಂಡಿತು. ಮೂಲ ಚಿತ್ರ ಅಳಿಸಲು ಹೇಳಿದ್ದು ಅವನಿಗೂ ನೆನಪಿತ್ತು. ಕೋಣೆಯಲ್ಲಿ ತನ್ನ ಕುತ್ತಿಗೆಗೂ ಒಂದು ಹಗ್ಗ ತೂಗುತ್ತಿದೆಯೆಂದು ಅವನಿಗೆ ಗೊತ್ತಿತ್ತು. "ಹೀಗಾಗದೇ ಇರೋ ಹಾಗೆ ಪ್ರೋಗ್ರಾಮ್‌ನಲ್ಲಿ ವ್ಯವಸ್ಥೆ ಏನೂ ಇರಲಿಲ್ವಾ?" ಎಂದು ಕೇಳಿದ. "ಇತ್ತು ಸರ್. ಆಪ್ಷನ್ ಇತ್ತು, ನಾನು ನೋಡ್ಲಿಲ್ಲ," ಎಂದಳು ತೇಜಶ್ರೀ. ಪ್ರಭುದೇವ ಅವನ ಕಡೆ ತಿರುಗಿದ. "ಹೌದಾ ಚಕ್ರಪಾಣಿ? ಮೊದಲಿಂದ ಇತ್ತಾ?" ಗೋಡೆಯ ಫ್ಯಾನು ಒಂದು ಸುತ್ತು ಇತ್ತ ತಿರುಗಿ ಅವನ ಮುಖಕ್ಕೆ ಗಾಳಿ ಬಡಿದು ಹೋಯಿತು. ಈಗ ಇಲ್ಲ ಎಂದರೆ, ಯಾಕೆ ಸೇರಿಸಿದಿರಿ, ಯಾವತ್ತು ಸೇರಿಸಿದಿರಿ, ಸೇರಿಸಿ ಒಂದು ವಾರ ಏನು ಮಾಡುತ್ತಿದ್ದಿರಿ ಎಂದು ಒಂದರ ಹಿಂದೊಂದು ಬರುತ್ತದೆ. ಸುಬ್ಬಮ್ಮನವರ ವರೆಗೆ ಹೋಗುತ್ತದೆ. ಈ ವಯಸ್ಸಿಗೆ ಇನ್ನೆಲ್ಲೂ ಯಾರೂ ಕೆಲಸ ಕೊಡುವುದಿಲ್ಲ. ಅವಳು ಚಿಕ್ಕವಳು, ಅವಳಿಗೆ ಮುಂದೆ ಬೇಕಾದಷ್ಟು ಕಾಲವಿದೆ ಎನ್ನಿಸಿತು. ಬೇರೆಯವರ ಕಾಲವನ್ನು ಇಷ್ಟು ಧಾರಾಳವಾಗಿ ಲೆಕ್ಕ ಹಾಕುವ ತನ್ನ ಮೇಲೆ ಅಸಹ್ಯವಾಯಿತು. ಅಸಹ್ಯವಾಗುತ್ತಿರುವಾಗಲೇ ಬಾಯಿ ತೆರೆದು, "ಹೌದು. ಇತ್ತು," ಎಂದ. ದನಿ ನಡುಗಲಿಲ್ಲ.

ಪ್ರಭುದೇವ ಕುರ್ಚಿಗೆ ಒರಗಿದ. ಅವನ ಮುಖಕ್ಕೆ ಬಣ್ಣ ಮರಳುವುದು ಕಾಣಿಸಿತು. ವಿದ್ಯಾರ್ಥಿಯ ಅಜಾಗರೂಕತೆಯಿಂದ ಎಂದು ಪತ್ರಿಕೆಗೆ ಬರೆಯುವುದು, ಚಕ್ರಪಾಣಿಯ ಹೆಸರನ್ನು ತಪ್ಪು ಪತ್ತೆಹಚ್ಚಿದವರೆಂದು ಸೇರಿಸುವುದು ಎಂದು ಅಲ್ಲೇ ತೀರ್ಮಾನವಾಯಿತು. "ಸಮಯಕ್ಕೆ ಸರಿಯಾಗಿ ಹಿಡಿದ್ರಿ. ನಿಮ್ಮಂಥ ಹಳಬರು ಇರಬೇಕು ನೋಡಿ," ಎಂದ. ಇಷ್ಟು ವರ್ಷ ಅವನಿಂದ ಕೇಳಬೇಕೆಂದು ಚಕ್ರಪಾಣಿ ಬಯಸಿದ್ದ ಮಾತು ಅದು. ಕೇಳಿ ಒಳಗೆಲ್ಲೋ ಸಂತೋಷವೂ ಆಯಿತು. ತನ್ನೊಳಗೆ ಇನ್ನೂ ಸಂತೋಷಪಡುವ ಪ್ರಾಣಿಯೊಂದು ಇದೆಯಲ್ಲ ಎಂದು ಅವನಿಗೆ ಬದುಕೇ ಬೇಡವೆನ್ನಿಸಿತು.

ಸಂಜೆ ಅವನು ತಪ್ಪಿಸಿಕೊಳ್ಳಬಹುದಿತ್ತು. ತಲೆನೋವು ಎನ್ನಬಹುದಿತ್ತು. ಆದರೆ ದೊಡ್ಡಬೈರಪ್ಪ ಗೇಟಿನಲ್ಲೇ ಕಾದಿದ್ದು ಕೈ ಹಿಡಿದುಕೊಂಡರು, ಮೂವರೂ ವಿಶ್ವೇಶ್ವರಪುರಂ ಕಡೆಗೆ ನಡೆದರು. ತೇಜಶ್ರೀ ಮುಂದೆ, ಭುಜದ ಚೀಲ ಎದೆಗೆ ಅವಚಿಕೊಂಡು, ಯಾರಿಗೂ ತಾಗದಂತೆ ಸರಿದು ಸರಿದು ಹೋಗುತ್ತಿದ್ದಳು. ತಿಂಡಿ ಬೀದಿಯಲ್ಲಿ ಎಂದಿನ ಜನ, ಕಾವಲಿಯ ಹೊಗೆ, ಕಾದ ಎಣ್ಣೆ, ತಟ್ಟೆ ಹಿಡಿದು ರಸ್ತೆಯಲ್ಲೇ ನಿಂತವರ ಮೊಣಕೈಗಳು. ದೊಡ್ಡಬೈರಪ್ಪ ಹೋಳಿಗೆಯ ಅಂಗಡಿಯ ಮುಂದೆ ನಿಂತರು. "ಮಗಳು ಎಲ್ಲಾ ಹೇಳಿದ್ಲು ಸಾರ್. ಅವಳೇ ನೋಡ್ದೆ ಮಾಡ್ಕೊಂಡಿದ್ದಂತೆ. ನೀವು ಹೇಳ್ದೇ ಇದ್ದಿದ್ರೆ ಸೋಮವಾರ ಅಷ್ಟು ಜನದ ಮುಂದೆ ಮಾನ ಹೋಗ್ತಿತ್ತು." ಮಗಳಿಗೆ ಕೇಳದಂತೆ, "ಅಂಗಾದ್ರೆ ಆ ಹಿಡ್ಕೊಳ್ಳೋದು ಸುಳ್ಳಾ ಸಾರ್?" ಎಂದರು. "ಅದು ಕಂಪ್ಯೂಟರ್ ಬರೆದದ್ದು," ಎಂದ ಚಕ್ರಪಾಣಿ. ಅವರು ತಲೆದೂಗಿದರು. ಆಮೇಲೆ ಬಹಳ ಹೊತ್ತು ಕಾವಲಿಯನ್ನೇ ನೋಡುತ್ತ ನಿಂತರು, ಕಣ್ಣಿಗೆ ಹೊಗೆ ಹೋದವರಂತೆ ಟವೆಲ್ಲಿನಿಂದ ಒರೆಸಿಕೊಂಡರು.

ತೇಜಶ್ರೀ ಹತ್ತಿರ ಬಂದು ನಿಂತಳು. ಮುಖ ತೊಳೆದುಕೊಂಡಿದ್ದಳು, ಕಣ್ಣು ಕೆಂಪಾಗಿತ್ತು. "ಸರ್, ಒಂದು ಕೇಳ್ಲಾ? ಹೇಗಾದ್ರೂ ಮಾಡಿ ಮೊದಲಿಂದ ಶುರು ಮಾಡ್ಬೇಕು ಅನ್ಕೊಂಡಿದೀನಿ. ನೀವು ಜೊತೆಗಿದ್ರೆ ಮಾಡ್ತೀನಿ. ಪ್ರಭುದೇವ ಸರ್ ಥರದವ್ರನ್ನ ನಂಬೋಕಾಗಲ್ಲ. ಈವತ್ತು ನೀವು ಬಂದು ಹೇಳಿದ್ರಲ್ಲ, ಇನ್ಯಾರೂ ಹೇಳ್ತಿರ್ಲಿಲ್ಲ ಸರ್." ಅವಳು ಅವನನ್ನೇ ನೋಡುತ್ತಿದ್ದಳು. ಇದು ಕೊನೆಯ ಅವಕಾಶ ಎಂದು ಅವನಿಗೆ ಸ್ಪಷ್ಟವಾಗಿ ಗೊತ್ತಾಯಿತು. ಇನ್ನೊಂದು ಬರುವುದಿಲ್ಲ, ಬರಲೂ ಬಾರದು. ಹಿಂದಿನಿಂದ ಯಾರೋ ತಟ್ಟೆಗೆ ಕೈ ಚಾಚಿ, ಸ್ವಲ್ಪ ಜರುಗಿ ಎಂದರು. ಅವನು ಜರುಗಿದ.

"ಇರ್ತೀನಮ್ಮ," ಎಂದ.

ದೊಡ್ಡಬೈರಪ್ಪ ಅವನ ತಟ್ಟೆಗೆ ಹೋಳಿಗೆ ಹಾಕಿಸಿದರು, ಮೇಲೆ ತುಪ್ಪ ಹಾಕಲು ಹೇಳಿದರು. ಬೆಳಗಿನ ಕಾಫಿಯ ಮೇಲೆ ಅವನು ಏನೂ ತಿಂದಿರಲಿಲ್ಲ. ಮುರಿದು ಬಾಯಿಗಿಟ್ಟುಕೊಂಡ. ಬಿಸಿಯಾಗಿತ್ತು, ಚೆನ್ನಾಗಿತ್ತು. ತಂದೆ ಮಗಳು ಇಬ್ಬರೂ ಅವನು ತಿನ್ನುವುದನ್ನು ನೋಡುತ್ತ ನಿಂತಿದ್ದರು. ಇನ್ನೊಂದು ಹಾಕಿಸಲಾ ಎಂದು ಅವರು ಕೇಳಿದಾಗ ಅವನು ತಟ್ಟೆ ಮುಂದೆ ಚಾಚಿದ.